ಫ್ರಾನ್ಸಿನಲ್ಲಿ ಅಮೆರಿಕದ ಅತಿಮಾನವ ಚಿತ್ರಕಥೆಗಳು

ಪಠ್ಯಪುಸ್ತಕದ ಮರೆಯಲ್ಲಿ ಚಿತ್ರಕಥೆಯ ಪುಸ್ತಕವನ್ನಿಟ್ಟುಕೊಂಡು ಓದುವ ಹುಡುಗನನ್ನು ಕಾಣದ ಉಪಾಧ್ಯಾಯರು ಇರಲಾರರು. ಅದನ್ನು ಕಸಿದುಕೊಂಡು ಕಪಾಟಿನೊಳಗಿಟ್ಟು ಬೀಗ ಹಾಕಿದವರೂ ನಮ್ಮಲ್ಲಿ ಅನೇಕರು. ನಾವೂ ಹಾಗೆ ಮಾಡಿದ್ದುಂಟು. ಅದಕ್ಕೂ ಮೊದಲು, ನಾವೇ ಹುಡುಗರಾಗಿದ್ದಾಗ, ನಮ್ಮ ಕೈಯಿಂದ ಅಂಥ ಪುಸ್ತಕವನ್ನು ಕಸಿದುಕೊಂಡ ಉಪಾಧ್ಯಾಯರೂ ಇದ್ದರು. ಹೀಗೆ ಎರಡು ಪಕ್ಷಗಳಲ್ಲಿಯೂ ನಿಂತು ನೋಡಿದ ನಮಗೆ, ಒಂದು ದೇಶಕ್ಕೆ ದೇಶವೇ ಉಪಾಧ್ಯಾಯನ ಸ್ಥಾನದಲ್ಲಿ ನಿಂತು, ಮಕ್ಕಳ ಕೈಯಲ್ಲಿದ್ದ ಚಿತ್ರಕಥೆಗಳ ಮೇಲೆ ಕಾನೂನು ಮಾಡಿದ ಸಂಗತಿ ವಿಶೇಷ ಕುತೂಹಲವನ್ನುಂಟುಮಾಡಿತು. ಆ ದೇಶವು ಫ್ರಾನ್ಸು. ಆ ಚಿತ್ರಕಥೆಗಳು ಬಹುಮಟ್ಟಿಗೆ ಅಮೆರಿಕದಿಂದ ಬಂದವು. ಅವುಗಳಲ್ಲಿಯೂ ಸೂಪರ್‌ಹೀರೋ ಎಂಬ ಅತಿಮಾನವ ವೀರರ ಕಥೆಗಳು ಪಟ್ಟ ಪಾಡು ದೊಡ್ಡದು.

ಹೊರಗಿನ ಕಥೆಯೊಂದು ಫ್ರೆಂಚ್ ಬಾಲಕನ ಕೈಸೇರಬೇಕಾದರೆ ಮೂರು ಬಾಗಿಲುಗಳನ್ನು ದಾಟಬೇಕಾಗಿತ್ತು. ಮೊದಲನೆಯದು ಕಾನೂನು, ಎರಡನೆಯದು ಚಿತ್ರವನ್ನು ತಿದ್ದುವವನ ಕುಂಚ, ಮೂರನೆಯದು ಭಾಷಾಂತರಕಾರನ ಲೇಖನಿ. ಈ ಮೂರರಲ್ಲಿ ಯಾವುದರ ಕೆಲಸ ಉಳಿಯಿತು, ಯಾವುದರದು ಅಳಿಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಎರಡು ಮೂರು ಭಾಷೆಗಳ ನಡುವೆ ನಿಂತು ಪಾಠ ಹೇಳುವ ಗಡಿನಾಡಿನ ಉಪಾಧ್ಯಾಯರಿಗೆ ಈ ವಿಚಾರವು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ಮೊದಲ ಆಗಮನ

ಫ್ರಾನ್ಸಿನಲ್ಲಿ ಮಕ್ಕಳ ಚಿತ್ರಕಥೆಗಳು ಅಮೆರಿಕದಿಂದಲೇ ಹುಟ್ಟಿದವೆಂದು ಭಾವಿಸಬಾರದು. 1905ರಲ್ಲಿ ಕಾಣಿಸಿಕೊಂಡ ಬೆಕಸೀನ್ ಎಂಬ ಹಳ್ಳಿಯ ದಾಸಿಯ ಕಥೆ ಆ ದೇಶದ ಮನೆಮನೆಗೂ ಪರಿಚಿತವಾಗಿತ್ತು. ಆದರೆ ಅಂಥ ಕಥೆಗಳಲ್ಲಿ ಚಿತ್ರವು ಮೇಲೆ, ಬರಹವು ಕೆಳಗೆ. ಪಾತ್ರಗಳ ಮಾತನ್ನು ಬಾಯಿಯ ಬಳಿಯಲ್ಲಿ ಗುಳ್ಳೆಯಾಗಿ ಬರೆಯುವ ಪದ್ಧತಿ ವಿರಳ. 1925ರಲ್ಲಿ ಆಲೆನ್ ಸೆಂತ್-ಓಗಾಂ ಎಂಬ ಚಿತ್ರಕಾರನು ತನ್ನ ಜಿಗ್ ಮತ್ತು ಪ್ಯೂಸ್ ಎಂಬ ಕಥೆಯಲ್ಲಿ ಮಾತಿನ ಗುಳ್ಳೆಗಳನ್ನು ಬಳಸಿದಾಗ ಅದು ಹೊಸತನವೆನಿಸಿತು.

ಈ ಸ್ಥಿತಿಯನ್ನು ಬದಲಾಯಿಸಿದವನು ಪೋಲ್ ವಿಂಕ್ಲರ್. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಈತನು ಓಪೆರಾ ಮುಂಡಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅಮೆರಿಕದ ವೃತ್ತಪತ್ರಿಕೆಗಳ ಚಿತ್ರಕಥೆಗಳನ್ನು ಫ್ರಾನ್ಸಿನಲ್ಲಿ ಹಂಚುತ್ತಿದ್ದನು. 1934ರ ಅಕ್ಟೋಬರ್ 21ರಂದು ಈತನು ಹೊರಡಿಸಿದ ‘ಲ ಜೂರ್ನಾಲ್ ದ ಮಿಕೇ’ ಎಂಬ ವಾರಪತ್ರಿಕೆಯು ಡಿಸ್ನಿಯ ಮಿಕಿ ಇಲಿಯನ್ನು ಮುಂದಿಟ್ಟುಕೊಂಡು ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು. ಇದರ ಹಿಂದೆಯೇ ಇಂಥ ಇನ್ನೂ ಹಲವು ಪತ್ರಿಕೆಗಳು ತಲೆಯೆತ್ತಿದವು. ಅಮೆರಿಕದಲ್ಲಿ ಆಗಲೇ ಅಚ್ಚಾಗಿ ಹಣ ಗಳಿಸಿದ್ದ ಚಿತ್ರಗಳು ಹೊರದೇಶಗಳಿಗೆ ಅಗ್ಗದ ಬೆಲೆಗೆ ದೊರೆಯುತ್ತಿದ್ದವು. ಸ್ಥಳೀಯ ಚಿತ್ರಕಾರನಿಂದ ಹೊಸದಾಗಿ ಬರೆಯಿಸುವುದಕ್ಕಿಂತ ಇದು ಪ್ರಕಾಶಕನಿಗೆ ಲಾಭಕರವಾಗಿತ್ತು. ಈ ಲೆಕ್ಕವನ್ನು ಮರೆತರೆ ಮುಂದೆ ನಡೆದ ವಾಗ್ವಾದದ ಅರ್ಧ ಭಾಗವು ನಮಗೆ ತಿಳಿಯದೆ ಹೋಗುತ್ತದೆ.

ಆ ಕಾಲದ ಭಾಷಾಂತರಕಾರರು ಹೆಸರುಗಳನ್ನು ಧಾರಾಳವಾಗಿ ಬದಲಾಯಿಸುತ್ತಿದ್ದರು. ಅಂತರಿಕ್ಷದಲ್ಲಿ ಸಾಹಸ ಮಾಡುವ ಫ್ಲ್ಯಾಶ್ ಗಾರ್ಡನ್ ‘ಗೀ ಲೆಕ್ಲೇರ್’ ಆದನು. ಲೆಕ್ಲೇರ್ ಎಂದರೆ ಮಿಂಚು. ಬ್ರಿಕ್ ಬ್ರ್ಯಾಡ್‌ಫರ್ಡ್ ಎಂಬವನು ‘ಲ್ಯೂಕ್ ಬ್ರಾದ್‌ಫೇರ್’ ಆದನು. ಇಲ್ಲಿ ಭಾಷಾಂತರಕಾರನ ಜಾಣ್ಮೆಯನ್ನು ಗಮನಿಸಬೇಕು. ಕಿವಿಗೆ ಬ್ರ್ಯಾಡ್‌ಫರ್ಡ್ ಎಂಬುದರ ಧ್ವನಿಯೇ ಕೇಳುತ್ತದೆ. ಆದರೆ ಬ್ರಾ ದ ಫೇರ್ ಎಂದರೆ ಫ್ರೆಂಚಿನಲ್ಲಿ ಕಬ್ಬಿಣದ ತೋಳು. ಮುಖವಾಡದ ವೀರನಾದ ಫ್ಯಾಂಟಮನಿಗೆ ‘ಬಂಗಾಳದ ಭೂತ’ ಎಂಬರ್ಥದ ಹೆಸರು ಬಂದಿತು. ಫ್ರೆಂಚ್ ಬಾಲಕನಿಗೆ ಬಂಗಾಳವೆಂದರೆ ಹುಲಿಗಳೂ ಕಾಡುಗಳೂ ತುಂಬಿದ ದೂರದ ಅದ್ಭುತ ದೇಶ.

ಅಮೆರಿಕದಲ್ಲಿ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ ಬೆಳಕು ಕಂಡನು. ಮರುವರ್ಷವೇ, ಎಂದರೆ 1939ರಲ್ಲಿ, ಆತನು ಫ್ರಾನ್ಸಿನ ‘ಆವಾಂತ್ಯೂರ್’ ಎಂಬ ಪತ್ರಿಕೆಯಲ್ಲಿ ಕಾಣಿಸಿಕೊಂಡನು. ಆದರೆ ಅಲ್ಲಿ ಆತನ ಹೆಸರು ‘ಯೋರ್ಡಿ’. ಅದೇ ವರ್ಷ ನೆರೆಯ ಬೆಲ್ಜಿಯಂ ದೇಶದ ಫ್ರೆಂಚ್ ಪತ್ರಿಕೆ ‘ಸ್ಪೀರೂ’ವಿನಲ್ಲಿ ಆತನು ‘ಮಾರ್ಕ್, ಆಧುನಿಕ ಹರ್ಕ್ಯುಲಿಸ್’ ಎಂದು ಕರೆಸಿಕೊಂಡನು. ಒಂದೇ ಭಾಷೆ, ಒಂದೇ ವರ್ಷ, ಒಬ್ಬನೇ ವೀರ. ಗಡಿಯ ಈಚೆಗೊಂದು ಹೆಸರು, ಆಚೆಗೊಂದು ಹೆಸರು.

ವಿರೋಧವೂ ಕಾನೂನೂ

ಈ ಪ್ರವಾಹವನ್ನು ಕಂಡು ಮೊದಲು ದನಿಯೆತ್ತಿದವರಲ್ಲಿ ಜಾರ್ಜ್ ಸಾದೂಲ್ ಒಬ್ಬನು. ಮುಂದೆ ಚಲನಚಿತ್ರದ ಚರಿತ್ರಕಾರನೆಂದು ಪ್ರಸಿದ್ಧನಾದ ಈತನು 1938ರಲ್ಲಿ, ನಿಮ್ಮ ಮಕ್ಕಳು ಏನನ್ನು ಓದುತ್ತಿದ್ದಾರೆಂದು ತಂದೆತಾಯಿಗಳನ್ನು ಎಚ್ಚರಿಸುವ ಒಂದು ಕಿರುಹೊತ್ತಗೆಯನ್ನು ಬರೆದನು. ಸಾದೂಲನು ಕಮ್ಯೂನಿಸ್ಟ್ ಪಕ್ಷದವನು. ಆತನಿಗೆ ಸರ್ವಥಾ ವಿರುದ್ಧವಾದ ಮತವುಳ್ಳ ಕ್ಯಾಥೊಲಿಕ್ ಪಾದ್ರಿಗಳೂ ಇದೇ ಮಾತನ್ನು ಹೇಳುತ್ತಿದ್ದರು. ಇಬ್ಬರಿಗೂ ತಮ್ಮ ತಮ್ಮ ಮಕ್ಕಳ ಪತ್ರಿಕೆಗಳಿದ್ದವು. ಕ್ಯಾಥೊಲಿಕರದು 1929ರಿಂದ ಬರುತ್ತಿದ್ದ ‘ಕರ್ ವಾಯಾಂ’. ಕಮ್ಯೂನಿಸ್ಟರದು ಯುದ್ಧಾನಂತರ 1945ರಲ್ಲಿ ಹೊರಟ ‘ವಾಯಾಂ’. ಉಳಿದೆಲ್ಲ ವಿಷಯಗಳಲ್ಲಿ ಜಗಳವಾಡುತ್ತಿದ್ದ ಎರಡು ಪಕ್ಷಗಳು ಅಮೆರಿಕದ ಚಿತ್ರಕಥೆಯನ್ನು ವಿರೋಧಿಸುವುದರಲ್ಲಿ ಮಾತ್ರ ಒಂದಾದವು.

ಎರಡನೆಯ ಮಹಾಯುದ್ಧ ಬಂದಿತು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದರು. ಅಮೆರಿಕವು ಯುದ್ಧಕ್ಕಿಳಿದ ಮೇಲೆ ಅಲ್ಲಿಯ ಚಿತ್ರಗಳು ಬರುವುದು ನಿಂತೇಹೋಯಿತು. ಮಿಕಿಯ ಪತ್ರಿಕೆಯೂ 1944ರಲ್ಲಿ ನಿಂತು, 1952ರಲ್ಲಿ ಮತ್ತೆ ಹೊರಟಿತು. ಯುದ್ಧ ಮುಗಿಯುತ್ತಲೇ ಅಮೆರಿಕದ ಕಥೆಗಳೂ, ಅವುಗಳನ್ನು ಅನುಕರಿಸಿ ಫ್ರಾನ್ಸಿನಲ್ಲಿಯೇ ಬರೆದ ಕಥೆಗಳೂ ಮತ್ತೆ ಅಂಗಡಿಗಳನ್ನು ತುಂಬಿದವು. ತಂದೆಯನ್ನು ಕಳೆದುಕೊಂಡ ಮಕ್ಕಳು, ಒಡೆದ ಮನೆಗಳು, ಹೆಚ್ಚಿದ ಬಾಲಾಪರಾಧಗಳು, ಇವು ಆಗಿನ ಸಮಾಜದ ಮುಂದಿದ್ದ ನಿಜವಾದ ಚಿಂತೆಗಳು. ಈ ಚಿಂತೆಗೆ ಒಂದು ಕಾರಣವನ್ನು ಹುಡುಕಿದವರಿಗೆ ಚಿತ್ರಕಥೆಯು ಸುಲಭವಾಗಿ ಕೈಗೆ ಸಿಕ್ಕಿತು.

ಇದರ ಫಲವೇ 1949ರ ಜುಲೈ 16ರ ಕಾನೂನು. ಯುವಜನರಿಗಾಗಿ ಹೊರಡುವ ಪ್ರಕಟಣೆಗಳಲ್ಲಿ ಡಕಾಯಿತಿ, ಸುಳ್ಳು, ಕಳವು, ಸೋಮಾರಿತನ, ಹೇಡಿತನ, ದ್ವೇಷ, ದುರ್ನಡತೆ ಮೊದಲಾದವನ್ನು ಮೆಚ್ಚಿಕೆಯಾಗುವಂತೆ ತೋರಿಸಕೂಡದೆಂದು ಅದು ವಿಧಿಸಿತು. ತಪ್ಪಿದ ಪ್ರಕಾಶಕನಿಗೆ ದಂಡವೂ ಸೆರೆವಾಸವೂ ಉಂಟು. ಮೇಲ್ವಿಚಾರಣೆಗಾಗಿ ನ್ಯಾಯಮಂತ್ರಿಯ ಇಲಾಖೆಯಲ್ಲಿ ಒಂದು ಮಂಡಲಿ ಏರ್ಪಟ್ಟಿತು. ಅದರಲ್ಲಿ ಸರ್ಕಾರದ ಅಧಿಕಾರಿಗಳು, ಬಾಲನ್ಯಾಯಾಧೀಶರು, ಪ್ರಕಾಶಕರು, ಚಿತ್ರಕಾರರು, ಯುವಕ ಸಂಘಗಳವರು, ತಂದೆತಾಯಿಗಳ ಪ್ರತಿನಿಧಿಗಳು ಇದ್ದರು. ಉಪಾಧ್ಯಾಯರ ಪ್ರತಿನಿಧಿಗಳೂ ಇದ್ದರು. ಈ ಕಡೆಯ ಮಾತನ್ನು ನಮ್ಮ ವೃತ್ತಿಬಾಂಧವರು ಮನಸ್ಸಿನಲ್ಲಿಡಬೇಕು.

ಮಕ್ಕಳ ನೀತಿಯ ಚಿಂತೆಯೊಂದಿಗೆ ಸ್ವದೇಶದ ಚಿತ್ರಕಾರರ ಹೊಟ್ಟೆಯ ಚಿಂತೆಯೂ ಇಲ್ಲಿ ಸೇರಿತ್ತು. ಪತ್ರಿಕೆಯ ಪುಟಗಳಲ್ಲಿ ಇಂತಿಷ್ಟು ಪಾಲು ಫ್ರೆಂಚರ ಕೃತಿಗಳಿರಲೇಬೇಕೆಂದು ಕೆಲವರು ಪಟ್ಟು ಹಿಡಿದರು. ಕಾನೂನಿನಲ್ಲಿ ಅದು ಸೇರಲಿಲ್ಲ. ಅಮೆರಿಕದಲ್ಲಿಯೇ ಮನೋವೈದ್ಯ ಫ್ರೆಡ್ರಿಕ್ ವರ್ತಮನು ಚಿತ್ರಕಥೆಗಳನ್ನು ಖಂಡಿಸಿ ಗ್ರಂಥ ಬರೆದದ್ದೂ, ಅಲ್ಲಿಯ ಪ್ರಕಾಶಕರು ಭಯಪಟ್ಟು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಹಾಕಿಕೊಂಡದ್ದೂ 1954ರಲ್ಲಿ. ಫ್ರಾನ್ಸು ಅದಕ್ಕಿಂತ ಐದು ವರ್ಷ ಮುಂಚೆಯೇ ಕಾನೂನು ಮಾಡಿತ್ತು.

ಈ ಕಾನೂನಿನಲ್ಲಿ ಅಚ್ಚಿಗೆ ಮೊದಲೇ ತಡೆಯುವ ವ್ಯವಸ್ಥೆಯಿರಲಿಲ್ಲ. ಅಚ್ಚಾದ ಪ್ರತಿಯನ್ನು ಮಂಡಲಿಗೆ ಒಪ್ಪಿಸಬೇಕು. ಅದು ಎಚ್ಚರಿಕೆಯ ಪತ್ರ ಬರೆಯಬಹುದು. ಬಳಿಕ ಮಂತ್ರಿಗಳೂ ನ್ಯಾಯಾಲಯವೂ ಮುಂದಿನ ಕ್ರಮ ಕೈಗೊಳ್ಳಬಹುದು. ಹೀಗಾಗಿ ನಿಷೇಧಕ್ಕಿಂತ ನಿಷೇಧದ ಭಯವೇ ಹೆಚ್ಚು ಕೆಲಸ ಮಾಡಿತು. ‘ಟಾರ್ಜಾನ್’ ಎಂಬ ಜನಪ್ರಿಯ ಪತ್ರಿಕೆಯು ಇಂಥ ಒತ್ತಡದಿಂದ 1952ರಲ್ಲಿ ನಿಂತಿತು. ಲಿಯೋಂ ನಗರದ ಪಿಯೇರ್ ಮೂಶೋ ಎಂಬ ಚಿತ್ರಕಾರ-ಪ್ರಕಾಶಕನ ಗತಿ ಇನ್ನೂ ಕಷ್ಟದ್ದಾಯಿತು. ಆತನು 1946ರಿಂದ ಹೊರಡಿಸಿದ ಫಾಂಟಾಕ್ಸ್ ಎಂಬ ಮುಖವಾಡದ ವೀರನ ಕಥೆಗಳಲ್ಲಿ ಹೊಡೆದಾಟವು ವಿಪರೀತವಾಗಿದ್ದುದು ನಿಜ. ಕಾನೂನು ಬಂದೊಡನೆ ಆತನೇ ಅದನ್ನು ನಿಲ್ಲಿಸಿದರೂ ಮೊಕದ್ದಮೆಗಳು ಆತನನ್ನು ಬಿಡಲಿಲ್ಲ. ವರ್ಷಗಟ್ಟಲೆ ನ್ಯಾಯಾಲಯಗಳನ್ನು ಅಲೆದ ಆತನಿಗೆ 1961ರಲ್ಲಿ ಶಿಕ್ಷೆಯಾಯಿತು. ಆ ಫಾಂಟಾಕ್ಸನ ಕಥೆಗಳನ್ನು ಇಂಗ್ಲಿಷ್ ಗುಪ್ತನಾಮದಿಂದ ಬರೆಯುತ್ತಿದ್ದವನು ಮಾರ್ಸೆಲ್ ನವಾರೋ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಮುಂದಿನ ಭಾಗವೆಲ್ಲ ಆತನದೇ.

ಏಳು ಸಂಚಿಕೆಗಳ ಪತ್ರಿಕೆ

ನವಾರೋ ಎಂಬವನು ಓಗ್ಯೂಸ್ತ್ ವಿಸ್ತೆಲ್ ಎಂಬವನೊಡನೆ ಸೇರಿ 1950ರಲ್ಲಿ ಲಿಯೋಂ ನಗರದಲ್ಲಿ ‘ಲ್ಯೂಗ್’ ಎಂಬ ಪ್ರಕಾಶನ ಸಂಸ್ಥೆಯನ್ನು ಸ್ಥಾಪಿಸಿದನು. ರೋಮನರ ಕಾಲದಲ್ಲಿ ಆ ನಗರಕ್ಕಿದ್ದ ಲುಗ್ದುನುಮ್ ಎಂಬ ಹೆಸರಿನಿಂದ ಬಂದದ್ದು ಈ ಲ್ಯೂಗ್. ಮೂಶೋವಿನ ಪಾಡನ್ನು ಕಣ್ಣಾರೆ ಕಂಡಿದ್ದ ನವಾರೋ ಬಹುಕಾಲ ಜಾಗರೂಕತೆಯಿಂದ, ಕೈಹೊತ್ತಗೆಯ ಆಕಾರದ ಕಪ್ಪುಬಿಳುಪು ಪತ್ರಿಕೆಗಳನ್ನು ನಡೆಸಿದನು.

ಈ ನಡುವೆ ಅಮೆರಿಕದಲ್ಲಿ ಹೊಸಬಗೆಯ ಅತಿಮಾನವರು ಹುಟ್ಟಿದ್ದರು. ಸ್ಟಾನ್ ಲೀ, ಜಾಕ್ ಕರ್ಬಿ, ಸ್ಟೀವ್ ಡಿಟ್ಕೋ ಮೊದಲಾದವರು 1961ರಿಂದ ಮಾರ್ವೆಲ್ ಸಂಸ್ಥೆಗಾಗಿ ಸೃಷ್ಟಿಸಿದ ಈ ವೀರರು ಸೂಪರ್‌ಮ್ಯಾನನಂತೆ ಕುಂದಿಲ್ಲದವರಲ್ಲ. ಜೇಡನ ಶಕ್ತಿಯನ್ನು ಪಡೆದ ಸ್ಪೈಡರ್-ಮ್ಯಾನ್ ಎಂಬವನು ಶಾಲೆಯಲ್ಲಿ ಓದುವ ಬಡ ಹುಡುಗ. ಚಿಕ್ಕಪ್ಪನನ್ನು ಕಳೆದುಕೊಂಡು, ಚಿಕ್ಕಮ್ಮನ ಔಷಧಕ್ಕೂ ಮನೆಬಾಡಿಗೆಗೂ ಹಣ ಹೊಂದಿಸಲು ಒದ್ದಾಡುವವನು. ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರಲ್ಲಿ ಒಬ್ಬನು ಕಲ್ಲಿನ ಮೈ ಬಂದುದಕ್ಕಾಗಿ ಸದಾ ಸಂಕಟಪಡುತ್ತಾನೆ. ಶಕ್ತಿಯೊಂದಿಗೆ ದುಃಖವನ್ನೂ ಕೊಟ್ಟದ್ದು ಈ ಕಥೆಗಳ ವಿಶೇಷ.

1969ರ ಫೆಬ್ರವರಿಯಲ್ಲಿ ಲ್ಯೂಗ್ ಸಂಸ್ಥೆಯು ಈ ಕಥೆಗಳನ್ನು ‘ಫಾಂಟಾಸ್ಕ್’ ಎಂಬ ಬಣ್ಣದ ಮಾಸಪತ್ರಿಕೆಯಲ್ಲಿ ಹೊರಡಿಸಿತು. ಕೆಲವೇ ತಿಂಗಳಲ್ಲಿ ಮಂಡಲಿಯ ಪತ್ರ ಬಂದಿತು. ವಿಜ್ಞಾನ ಕಲ್ಪನೆಯು ಭಯಂಕರವಾಗಿದೆ, ರಾಕ್ಷಸರ ಕಾಳಗಗಳು ಮಕ್ಕಳ ಮನಸ್ಸನ್ನು ಗಾಸಿಗೊಳಿಸುತ್ತವೆ, ಬಣ್ಣಗಳು ಕೂಡ ಉಗ್ರವಾಗಿವೆ ಎಂಬುದು ಆಕ್ಷೇಪದ ಸಾರ. ಏಳನೆಯ ಸಂಚಿಕೆಯೊಂದಿಗೆ, 1969ರ ಆಗಸ್ಟಿನಲ್ಲಿ, ಪ್ರಕಾಶಕನೇ ಪತ್ರಿಕೆಯನ್ನು ನಿಲ್ಲಿಸಿಬಿಟ್ಟನು. ಈ ಕಥೆಗಳೆಲ್ಲ ಅಮೆರಿಕದ ಕಾಮಿಕ್ಸ್ ಕೋಡಿನ ಮುದ್ರೆಯನ್ನು ಪಡೆದವುಗಳೇ. ಒಂದು ದೇಶದಲ್ಲಿ ಶೋಧಿಸಿ ನಿರ್ದೋಷವೆಂದು ಬಿಟ್ಟುದನ್ನು ಇನ್ನೊಂದು ದೇಶವು ಮತ್ತೆ ಶೋಧಿಸಿ ವಿಷವೆಂದು ಹೇಳಿತು.

ನವಾರೋ ಸುಮ್ಮನಾಗಲಿಲ್ಲ. 1970ರ ಜನವರಿಯಲ್ಲಿ ‘ಸ್ಟ್ರೇಂಜ್’ ಎಂಬ ಪತ್ರಿಕೆಯನ್ನೂ, ಅದೇ ವರ್ಷ ‘ಮಾರ್ವೆಲ್’ ಎಂಬ ಇನ್ನೊಂದನ್ನೂ ಆರಂಭಿಸಿದನು. ‘ಮಾರ್ವೆಲ್’ ಪತ್ರಿಕೆಯು ಹದಿಮೂರು ಸಂಚಿಕೆಗಳ ಬಳಿಕ 1971ರಲ್ಲಿ ಫಾಂಟಾಸ್ಕಿನ ಹಾದಿಯನ್ನೇ ಹಿಡಿಯಿತು. ‘ಸ್ಟ್ರೇಂಜ್’ ಮಾತ್ರ ಉಳಿಯಿತು. 1998ರವರೆಗೆ ಮುನ್ನೂರಕ್ಕೂ ಮಿಕ್ಕ ಸಂಚಿಕೆಗಳನ್ನು ಕಂಡಿತು. ಫ್ರಾನ್ಸಿನ ಎರಡು ತಲೆಮಾರಿನ ಹುಡುಗರು ಈ ಕಥೆಗಳನ್ನು ಆ ಪತ್ರಿಕೆಯ ಹೆಸರಿನಿಂದಲೇ ನೆನೆಯುವಂತಾಯಿತು. ಬೇರೆ ಪ್ರಕಾಶಕರೂ ಇದ್ದರು. ಸಾಜೆದಿಸಿಯೋಂ ಎಂಬ ಸಂಸ್ಥೆ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಕಥೆಗಳನ್ನು ಪ್ರಕಟಿಸಿತು. ಉತ್ತರದ ಟೂರ್‌ಕ್ವೆಂ ಪಟ್ಟಣದ ಆರ್ಟಿಮಾ ಸಂಸ್ಥೆ ಚಿಕ್ಕ ಆಕಾರದಲ್ಲಿ ಕಪ್ಪುಬಿಳುಪಾಗಿ ಹಲವು ವೀರರನ್ನು ಹಂಚಿತು. ಆದರೆ ತಿದ್ದುವ ಕುಂಚವೂ ಹೆಸರಿಡುವ ಲೇಖನಿಯೂ ಹೆಚ್ಚು ಸ್ಪಷ್ಟವಾಗಿ ಕಾಣುವುದು ಲ್ಯೂಗ್ ಸಂಸ್ಥೆಯ ಕೆಲಸದಲ್ಲಿ.

ಅಳಿಸುವ ಕುಂಚ

‘ಸ್ಟ್ರೇಂಜ್’ ಉಳಿದದ್ದು ಹೇಗೆ? ಮಂಡಲಿಯು ಅಳಿಸಬಹುದಾದುದನ್ನು ಪ್ರಕಾಶಕನೇ ಮೊದಲು ಅಳಿಸಿದ್ದರಿಂದ. ಲ್ಯೂಗ್ ಸಂಸ್ಥೆಯಲ್ಲಿ ಚಿತ್ರಗಳನ್ನು ತಿದ್ದುವುದಕ್ಕೆಂದೇ ಕೆಲಸಗಾರರಿದ್ದರು. ಅಮೆರಿಕದಿಂದ ಬಂದ ಪುಟಗಳಲ್ಲಿ ಗುದ್ದಿನ ರಭಸವನ್ನು ತೋರಿಸುವ ಗೆರೆಗಳನ್ನು ಅವರು ಒರಸಿಹಾಕುತ್ತಿದ್ದರು. ಹೊಡೆತದ ಸದ್ದನ್ನು ಸೂಚಿಸುವ ದೊಡ್ಡ ಅಕ್ಷರಗಳನ್ನು ಬಿಳಿ ಬಣ್ಣದಿಂದ ಮುಚ್ಚುತ್ತಿದ್ದರು. ವಿಕಾರವಾದ ಮುಖಗಳನ್ನು ಸೌಮ್ಯಗೊಳಿಸುತ್ತಿದ್ದರು, ಆಯುಧಗಳನ್ನು ಮಾಯಮಾಡುತ್ತಿದ್ದರು. ತಿದ್ದಿದರೂ ತೀರದೆಂದು ಕಂಡಾಗ ಚೌಕವನ್ನೋ ಪುಟವನ್ನೋ ಇಡೀ ಕಥೆಯನ್ನೋ ಬಿಟ್ಟೇಬಿಡುತ್ತಿದ್ದರು.

ಇದರ ಪರಿಣಾಮವನ್ನು ವಿಚಾರಿಸಿ ನೋಡಬೇಕು. ಒಬ್ಬನು ಕೈಯೆತ್ತಿದ್ದಾನೆ, ಇನ್ನೊಬ್ಬನು ಹಿಂದಕ್ಕೆ ಬೀಳುತ್ತಿದ್ದಾನೆ, ನಡುವೆ ಗೆರೆಯಿಲ್ಲ, ಸದ್ದಿಲ್ಲ. ಹೊಡೆತವು ಚಿತ್ರದಿಂದ ಹೋಯಿತು. ಆದರೆ ಹುಡುಗನ ಮನಸ್ಸಿನಿಂದ ಹೋಯಿತೆ? ಬಿಟ್ಟ ಸ್ಥಳವನ್ನು ತುಂಬಿಕೊಳ್ಳುವ ಶಕ್ತಿ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚೆಂಬುದು ಪಾಠ ಹೇಳುವ ನಮಗೆ ತಿಳಿಯದ ವಿಷಯವಲ್ಲ. ಪೆಟ್ಟಿನ ನೋವನ್ನು ಕಾಣಿಸದೆ ಪೆಟ್ಟನ್ನು ಮಾತ್ರ ಉಳಿಸಿದರೆ ಅದರಿಂದ ನೀತಿ ಬೆಳೆಯುವುದೆಂದು ಹೇಳುವುದು ಕಷ್ಟ.

ಆದರೂ ಈ ಕುಂಚದಿಂದ ಒಂದು ಅನಿರೀಕ್ಷಿತ ಫಲ ದೊರೆಯಿತು. ತಿದ್ದುವವರಲ್ಲಿ ಒಬ್ಬನಾಗಿದ್ದ ಜಾಂ-ಈವ್ ಮಿತ್ತೋಂ ಎಂಬ ತರುಣನು, ವರ್ಷಗಟ್ಟಲೆ ಅಮೆರಿಕದ ಪುಟಗಳ ಮೇಲೆ ಕೈಯಾಡಿಸಿ ಅವುಗಳ ರಚನಾಕ್ರಮವನ್ನೆಲ್ಲ ಅರಿತುಕೊಂಡನು. ತಿದ್ದುವುದಕ್ಕಾಗಿ ನೋಡುವವನಷ್ಟು ಸೂಕ್ಷ್ಮವಾಗಿ ಇನ್ನಾರು ನೋಡಿಯಾರು? 1980ರಲ್ಲಿ ಲ್ಯೂಗ್ ಸಂಸ್ಥೆಯ ‘ಮಸ್ಟಾಂಗ್’ ಪತ್ರಿಕೆಯಲ್ಲಿ ಆತನು ‘ಮಿಕ್ರೋಸ್’ ಎಂಬ ಸ್ವಂತ ವೀರನನ್ನು ಸೃಷ್ಟಿಸಿದನು. ಅದೇ ಪತ್ರಿಕೆಯಲ್ಲಿ ಸೀರೋ ತೋತಾ ಎಂಬವನ ‘ಫೋಟೋನಿಕ್’ ಬಂದನು. ಈ ಬೆಳಕಿನ ವೀರನು ನಿತ್ಯಜೀವನದಲ್ಲಿ ಗೂನುಬೆನ್ನಿನ ಹುಡುಗ. ಇಬ್ಬರು ವೀರರ ಸಾಹಸಗಳೂ ಅಮೆರಿಕದ ನೆಲದಲ್ಲಿಯೇ ಆರಂಭವಾದುವಾದರೂ, ಬರೆದ ಕೈ ಫ್ರಾನ್ಸಿನದಾಗಿತ್ತು. ಸ್ವದೇಶದ ಚಿತ್ರಕಾರರನ್ನು ಕಾಪಾಡಬೇಕೆಂದು ಹೊರಟವರು ಯಾವುದನ್ನು ತಡೆಯಬಯಸಿದ್ದರೋ ಅದರಿಂದಲೇ ಕಲಿತು ಈ ಸ್ವದೇಶದ ಚಿತ್ರಕಾರರು ತಯಾರಾದರು.

ಹೆಸರಿಡುವ ಲೇಖನಿ

ಇನ್ನು ಮೂರನೆಯ ಬಾಗಿಲಾದ ಭಾಷಾಂತರ. ಇಲ್ಲಿ ನಮಗೆ ಕಲಿಯತಕ್ಕದ್ದು ಹೆಚ್ಚು.

ಇಂಗ್ಲಿಷಿನ ‘ಯೂ’ ಎಂಬ ಒಂದೇ ಪದಕ್ಕೆ ಫ್ರೆಂಚಿನಲ್ಲಿ ಎರಡುಂಟು: ಸಲಿಗೆಯ ‘ತ್ಯೂ’, ಗೌರವದ ‘ವೂ’. ನಮ್ಮ ನೀನು, ನೀವು ಇದ್ದಂತೆ. ಶತ್ರುವನ್ನು ಏಕವಚನದಲ್ಲಿ ಬಯ್ಯಬೇಕೋ ಬಹುವಚನದಲ್ಲಿ ಹಂಗಿಸಬೇಕೋ, ಜೊತೆಯಲ್ಲಿ ಹೋರಾಡುವ ಇಬ್ಬರು ಯಾವಾಗ ‘ನೀವು’ ಬಿಟ್ಟು ‘ನೀನು’ ಎನ್ನಬೇಕು, ಇದನ್ನೆಲ್ಲ ಮೂಲವು ಹೇಳುವುದಿಲ್ಲ. ಭಾಷಾಂತರಕಾರನು ಪಾತ್ರಗಳ ಸಂಬಂಧವನ್ನು ಅರಿತು ತಾನೇ ನಿರ್ಣಯಿಸಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು ಪುಟವನ್ನಾದರೂ ತಂದವರಿಗೆ ಈ ಕಷ್ಟ ಗೊತ್ತಿದೆ.

ಲಿಂಗದ ತೊಡಕು ಇನ್ನೊಂದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಫ್ರೆಂಚಿನಲ್ಲಿ ಪ್ರತಿಯೊಂದು ನಾಮಪದಕ್ಕೂ ಸ್ತ್ರೀಲಿಂಗವೋ ಪುಲ್ಲಿಂಗವೋ ಅಂಟಿಕೊಂಡೇ ಇರುತ್ತದೆ. ಸ್ಪೈಡರ್-ಮ್ಯಾನನನ್ನು ಲ್ಯೂಗ್ ಸಂಸ್ಥೆಯವರು ‘ಲಾರೆಞೇ’, ಎಂದರೆ ‘ಜೇಡ’ ಎಂದು ಕರೆದರು. ಫ್ರೆಂಚಿನಲ್ಲಿ ಜೇಡ ಸ್ತ್ರೀಲಿಂಗ. ಕಲ್ಲಿನ ಮೈಯವನು ‘ಲಾ ಶೋಜ್’, ಬೆಂಕಿಯ ಹುಡುಗನು ‘ಲಾ ತೋರ್ಶ್’. ವಸ್ತುವೂ ಪಂಜೂ ಸ್ತ್ರೀಲಿಂಗಗಳೇ. ಹೀಗೆ ಮೂವರು ಗಂಡಾಳುಗಳು ವ್ಯಾಕರಣದಲ್ಲಿ ಹೆಂಗಸರಾದರು. ಫ್ರೆಂಚ್ ಹುಡುಗರು ಇದನ್ನು ಸಹಜವಾಗಿಯೇ ಸ್ವೀಕರಿಸಿದರು. ಪದೇ ಪದೇ ಅದೇ ಹೆಸರು ಬೇಡವೆನಿಸಿದಾಗ ಭಾಷಾಂತರಕಾರರು ಜೇಡನನ್ನು ‘ಲ ತಿಸ್ಸರ್’, ಎಂದರೆ ‘ನೇಕಾರ’ ಎಂದೂ ಕರೆದರು.

ಈ ಹೆಸರುಗಳಲ್ಲಿ ಅತ್ಯುತ್ತಮವಾದುದು ವುಲ್ವರಿನ್ ಎಂಬ ವೀರನದು. ವುಲ್ವರಿನ್ ಎಂಬುದು ಉತ್ತರದ ಶೀತಪ್ರದೇಶಗಳಲ್ಲಿ ಇರುವ, ಚಿಕ್ಕದಾದರೂ ಮಹಾ ಉಗ್ರವಾದ ಒಂದು ಕಾಡುಮೃಗ. ಆ ಮೃಗಕ್ಕೆ ಫ್ರೆಂಚಿನಲ್ಲಿ ‘ಗ್ಲೂತೋಂ’ ಎಂಬ ಹೆಸರು ಸಿದ್ಧವಾಗಿಯೇ ಇದೆ. ನಿಘಂಟನ್ನು ತೆರೆದರೆ ಕೆಲಸ ಮುಗಿಯಿತು. ಆದರೆ ಗ್ಲೂತೋಂ ಎಂದರೆ ಹೊಟ್ಟೆಬಾಕ ಎಂಬ ಅರ್ಥವೂ ಇದೆ. ಉಕ್ಕಿನ ಉಗುರುಗಳನ್ನು ಚಾಚಿ ಶತ್ರುಗಳ ಮೇಲೆ ಬೀಳುವ ವೀರನು ಹೊಟ್ಟೆಬಾಕನೆಂಬ ಹೆಸರಿನಿಂದ ಬಂದರೆ ಓದುವವರು ನಗದೆ ಇರುವರೆ? ಲ್ಯೂಗ್ ಸಂಸ್ಥೆಯವರು ನಿಘಂಟನ್ನು ಬದಿಗಿಟ್ಟು, ಆಫ್ರಿಕದ ಒಂದು ಕಾಡುಬೆಕ್ಕಿನ ಹೆಸರನ್ನು ತೆಗೆದುಕೊಂಡು ‘ಸೆರ್ವಾಲ್’ ಎಂದು ನಾಮಕರಣ ಮಾಡಿದರು. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು. ಭಾಷಾಂತರದ ದೃಷ್ಟಿಯಿಂದ ಇದೇ ಸರಿ.

ಇಂಥವು ಇನ್ನೂ ಇವೆ. ಡಾಕ್ಟರ್ ಡೂಮ್ ಎಂಬ ಖಳನು ಲ್ಯಾಟಿನ್ ಪದವೊಂದನ್ನು ಧರಿಸಿ ‘ಫತಾಲಿಸ್’ ಆದನು. ವಿಧಿ ಎಂಬ ಅರ್ಥದೊಂದಿಗೆ ಗಾಂಭೀರ್ಯವೂ ಬಂದಿತು. ಗಾಳಿಮಳೆಗಳನ್ನು ಆಳುವ ಸ್ಟಾರ್ಮ್ ಎಂಬವಳು ‘ತೋರ್ನಾದ್’, ಎಂದರೆ ಸುಂಟರಗಾಳಿಯಾದಳು. ಮುಟ್ಟಿದವರ ಶಕ್ತಿಯನ್ನು ಹೀರಿಕೊಳ್ಳುವ ರೋಗ್ ಎಂಬವಳು, ತುಂಟತನ ಎಂಬರ್ಥದ ಪದವನ್ನು ನೆನಪಿಗೆ ತರುವ ‘ಮಾಲಿಸಿಯಾ’ ಆದಳು. ಕಿಂಗ್‌ಪಿನ್ ಎಂಬ ಕಳ್ಳರ ದೊರೆಗೆ ಬಂದ ಹೆಸರು ‘ಕಾಯಿದ್’. ಇದು ಅರಬ್ಬಿಯಲ್ಲಿ ನಾಯಕ ಎಂಬ ಅರ್ಥದ ಪದ. ಉತ್ತರ ಆಫ್ರಿಕದ ಮೂಲಕ ಫ್ರೆಂಚಿನ ಆಡುಮಾತಿಗೆ ಬಂದು, ಪುಂಡರ ಮುಖಂಡನೆಂಬ ಅರ್ಥ ಪಡೆದಿತ್ತು. ಅಮೆರಿಕದ ಖಳನು ಪ್ಯಾರಿಸಿನ ಬೀದಿಯ ಮಾತಿನಲ್ಲಿ ಹೊಸದಾಗಿ ಹುಟ್ಟಿದನು.

ಹೆಸರುಗಳ ಮುಂದಿನ ಗತಿ

ಲ್ಯೂಗ್ ಸಂಸ್ಥೆಯು 1989ರಲ್ಲಿ ಸೆಮಿಕ್ ಎಂಬ ಹೊರದೇಶದ ಸಂಸ್ಥೆಯ ಕೈಸೇರಿತು. 1997ರಲ್ಲಿ ಮಾರ್ವೆಲ್ ಕಥೆಗಳ ಪ್ರಕಟಣಾಧಿಕಾರವು ಇಟಲಿಯ ಪಾನಿನಿ ಸಂಸ್ಥೆಗೆ ಹೋಯಿತು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1949ರ ಕಾನೂನು ತಿದ್ದುಪಡಿಗಳೊಂದಿಗೆ ಇಂದಿಗೂ ಇದೆಯಾದರೂ ಹಿಂದಿನ ಭಯ ಉಳಿದಿಲ್ಲ. ಹಳೆಯ ಕಥೆಗಳು ಸಂಪುಟಗಳಾಗಿ ಮರುಮುದ್ರಣಗೊಂಡಾಗ, ಒರಸಿಹಾಕಿದ್ದ ಗೆರೆಗಳೂ ಬಿಟ್ಟುಹೋಗಿದ್ದ ಪುಟಗಳೂ ಮೂಲದಲ್ಲಿದ್ದಂತೆಯೇ ಮರಳಿ ಬಂದವು. ಇಪ್ಪತ್ತು ಮೂವತ್ತು ವರ್ಷಗಳ ಕುಂಚದ ಕೆಲಸವೆಲ್ಲ ಹೀಗೆ ನೀರಿನಲ್ಲಿ ತೊಳೆದಂತೆ ಹೋಯಿತು.

ಲೇಖನಿಯ ಕೆಲಸಕ್ಕೆ ಬೇರೊಂದು ದಿಕ್ಕಿನಿಂದ ಕುತ್ತು ಬಂದಿತು. 2000ದಲ್ಲಿ ಎಕ್ಸ್-ಮೆನ್ ಚಲನಚಿತ್ರವೂ 2002ರಲ್ಲಿ ಸ್ಪೈಡರ್-ಮ್ಯಾನ್ ಚಲನಚಿತ್ರವೂ ಬಂದವು. ಜಗತ್ತಿನಲ್ಲೆಲ್ಲ ಒಂದೇ ಹೆಸರಿನಿಂದ ಚಿತ್ರವನ್ನೂ ಆಟಿಕೆಯನ್ನೂ ಮಾರುವುದು ವ್ಯಾಪಾರಕ್ಕೆ ಅನುಕೂಲ. ಆದ್ದರಿಂದ ಸೆರ್ವಾಲ್ ಹೋಗಿ ವುಲ್ವರಿನ್ ಬಂದನು. ಜೇಡ ಹೋಗಿ ಸ್ಪೈಡರ್-ಮ್ಯಾನ್ ಬಂದನು. ಕಾನೂನಾಗಲಿ ಮಂಡಲಿಯಾಗಲಿ ಅಳಿಸದಿದ್ದ ಫ್ರೆಂಚ್ ಹೆಸರನ್ನು ಅಂಗಡಿಯ ಹೆಸರಚೀಟಿ ಅಳಿಸಿತು. ಆದರೂ ಎಲ್ಲವೂ ಹೋಗಲಿಲ್ಲ. ತೋರ್ನಾದ್, ಮಾಲಿಸಿಯಾ, ಫತಾಲಿಸ್ ಎಂಬ ಹೆಸರುಗಳು ಚಲನಚಿತ್ರಗಳ ಫ್ರೆಂಚ್ ಮಾತುಗಳಲ್ಲಿಯೂ ಉಳಿದವು. ಜನರ ಬಾಯಲ್ಲಿ ಬೇರೂರಿದ್ದನ್ನು ಕೀಳುವುದು ವ್ಯಾಪಾರಿಗೂ ಸುಲಭವಾಗಲಿಲ್ಲ.

ಗಡಿನಾಡಿನ ವಾಚಕರಿಗಾಗಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಕೆನಡ ದೇಶದ ಕೆಬೆಕ್ ಪ್ರಾಂತದಲ್ಲಿ ಫ್ರೆಂಚ್ ಮಾತಾಡುವ ಜನರು ಸುತ್ತಲೂ ಇಂಗ್ಲಿಷಿನ ನಡುವೆ ಬಾಳುತ್ತಾರೆ. ಅಲ್ಲಿಯ ಎರಿತಾಜ್ ಎಂಬ ಪ್ರಕಾಶನವು 1968ರಿಂದಲೇ, ಫಾಂಟಾಸ್ಕಿಗಿಂತಲೂ ಮೊದಲೇ, ಮಾರ್ವೆಲ್ ಕಥೆಗಳನ್ನು ಫ್ರೆಂಚಿನಲ್ಲಿ ಹೊರಡಿಸಿತು. ಪ್ಯಾರಿಸಿನ ಕಾನೂನು ಅಲ್ಲಿಗೆ ಸಲ್ಲದು. ಹೆಸರುಗಳಲ್ಲಿಯೂ ಅವರು ತಮ್ಮ ದಾರಿ ಹಿಡಿದು, ನೆರೆಯಲ್ಲಿ ನಿತ್ಯ ಕೇಳುವ ಸ್ಪೈಡರ್-ಮ್ಯಾನ್ ಎಂಬ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡು, ಹಿಂದೆ ಒಂದು ಫ್ರೆಂಚ್ ವಿಶೇಷಣವನ್ನು ಸೇರಿಸಿದರು. ಒಂದೇ ಭಾಷೆಯವರಾದರೂ ತಾಯಿನಾಡಿನವರಿಗೆ ಹೊಂದಿದ ಭಾಷಾಂತರವು ಹೊರನಾಡಿನವರಿಗೆ ಹೊಂದಲೇಬೇಕೆಂಬ ನಿಯಮವಿಲ್ಲವೆಂದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದಲ್ಲಿಯೂ ಇದಕ್ಕೆ ಹೋಲುವ ಉದಾಹರಣೆಯುಂಟು. 1964ರಲ್ಲಿ ಮುಂಬಯಿಯಿಂದ ಹೊರಟ ಇಂದ್ರಜಾಲ ಕಾಮಿಕ್ಸ್ ಮಾಲೆಯಲ್ಲಿ ಫ್ಯಾಂಟಮನ ಕಥೆಗಳು ಬಂದಾಗ, ಮೂಲದಲ್ಲಿ ಬಂಗಾಳವನ್ನು ನೆನಪಿಸುವ ಹೆಸರಿದ್ದ ಆತನ ಕಾಡಿಗೆ ‘ಡೆಂಕಾಲಿ’ ಎಂಬ ಹೊಸ ಹೆಸರನ್ನಿಟ್ಟರು. ಬಂಗಾಳದ ಜನರೂ ಪಟ್ಟಣಗಳೂ ನಮಗೆ ಗೊತ್ತಿವೆ; ಅಲ್ಲಿ ಇಂಥ ಭೂತವಿಲ್ಲವೆಂದು ನಮ್ಮ ಹುಡುಗರು ಒಡನೆಯೇ ಹೇಳಿಯಾರು. ಫ್ರೆಂಚರಿಗೆ ಯಾವುದು ದೂರದ ಅದ್ಭುತವಾಗಿತ್ತೋ ಅದು ನಮಗೆ ನೆರೆಮನೆ. ದೂರ ಸಮೀಪಗಳ ಈ ಲೆಕ್ಕವನ್ನು ತಿಳಿದವನೇ ಭಾಷಾಂತರಕಾರ.

ಉಪಸಂಹಾರ

ಫ್ರಾನ್ಸಿನ ಆ ಮಂಡಲಿಯಲ್ಲಿ ಕುಳಿತ ಉಪಾಧ್ಯಾಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಯುದ್ಧದಿಂದ ನೊಂದ ಮಕ್ಕಳ ಮೇಲಿನ ಅವರ ಕಳಕಳಿ ನಿಜವಾದುದು. ಎಲ್ಲ ಪುಸ್ತಕಗಳನ್ನೂ ಎಲ್ಲ ವಯಸ್ಸಿನವರ ಕೈಗೂ ಕೊಡಬಹುದೆಂದು ನಾವೂ ಹೇಳುವುದಿಲ್ಲ. ಆದರೆ ಐವತ್ತು ವರ್ಷಗಳ ಬಳಿಕ ಲೆಕ್ಕ ಹಾಕಿ ನೋಡಿದರೆ, ಅಳಿಸುವುದಕ್ಕಾಗಿ ಪಟ್ಟ ಶ್ರಮವು ಬಹುಮಟ್ಟಿಗೆ ವ್ಯರ್ಥವಾಯಿತು. ಹೆಸರಿಡುವುದಕ್ಕಾಗಿ ಪಟ್ಟ ಶ್ರಮವು ಭಾಷೆಗೆ ಲಾಭವಾಯಿತು. ಸೆರ್ವಾಲ್ ಎಂಬ ಹೆಸರು ಪುಸ್ತಕಗಳಿಂದ ಹೋದ ಮೇಲೂ, ಬಾಲ್ಯದಲ್ಲಿ ಅದನ್ನು ಓದಿದವರು ಇಂದು ನಡುವಯಸ್ಸಿನಲ್ಲಿಯೂ ಅದನ್ನು ಮರೆತಿಲ್ಲ. ಹಳೆಯ ‘ಸ್ಟ್ರೇಂಜ್’ ಸಂಚಿಕೆಗಳನ್ನು ಅವರು ಹುಡುಕಿ ಕೊಂಡು ಕೂಡಿಡುತ್ತಾರೆ.

ಗಡಿನಾಡಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಕೇಳುತ್ತಾರೆ; ಕೈಯಲ್ಲಿರುವ ಫೋನಿನಲ್ಲಿ ಇಂಗ್ಲಿಷ್ ಮತ್ತು ಹಿಂದಿಯ ವೀರರನ್ನು ನೋಡುತ್ತಾರೆ. ಅವರ ಕೈಯಿಂದ ಕಸಿದುಕೊಳ್ಳುವ ಶಕ್ತಿ ಈಗ ನಮಗಿಲ್ಲ. ಆದರೆ ಆ ವೀರರಲ್ಲಿ ಒಬ್ಬನನ್ನು ಕರಿಹಲಗೆಯ ಮೇಲೆ ಬರೆದು, ಇವನಿಗೆ ಕನ್ನಡದಲ್ಲಿ ಏನೆಂದು ಹೆಸರಿಡೋಣವೆಂದು ಕೇಳುವ ಶಕ್ತಿ ಇದೆ. ಕಳೆದ ವರ್ಷ ನಾವು ಎಂಟನೆಯ ತರಗತಿಯಲ್ಲಿ ಹೀಗೆ ಕೇಳಿದಾಗ, ವುಲ್ವರಿನನಿಗೆ ಒಬ್ಬನು ‘ಕಿರುಬ’ ಎಂದನು. ಇನ್ನೊಬ್ಬನು ಕಿರುಬ ಹೆಣ ತಿನ್ನುವ ಪ್ರಾಣಿ, ವೀರನಿಗೆ ಸಲ್ಲದೆಂದು ವಾದಿಸಿದನು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ‘ಕಾಡುಬೆಕ್ಕು’ ಎಂದಳು. ಲಿಯೋಂ ನಗರದ ಭಾಷಾಂತರಕಾರರು ಹಿಡಿದ ದಾರಿಯನ್ನೇ ಅವಳೂ ಹಿಡಿದದ್ದನ್ನು ಕಂಡು ನಮಗೆ ಸಂತೋಷವಾಯಿತು. ಆ ದಿನದ ವ್ಯಾಕರಣ ಪಾಠವು ಮರುದಿನಕ್ಕೆ ಉಳಿಯಿತು. ಉಪಾಧ್ಯಾಯ ಮಿತ್ರರು ತಮ್ಮ ತಮ್ಮ ತರಗತಿಗಳಲ್ಲಿಯೂ ಇದನ್ನು ಪ್ರಯೋಗಿಸಿ ನೋಡಬೇಕೆಂದು ಕೋರುತ್ತೇವೆ.